ಭಾರತ–ಪಾಕಿಸ್ತಾನ ಹಾಕಿ ಸರಣಿ ಯಾಕೆ ನಿಂತಿತು? ಅದರಿಂದ ಕಳೆದುಹೋಗಿದ್ದೇನು?

ಪ್ರಶ್ನೆ: 2004ರಲ್ಲಿ ಭಾರತ, ಪಾಕಿಸ್ತಾನ ತಂಡಗಳು ಎಂಟು ಟೆಸ್ಟ್‌ಗಳ ಹಾಕಿ ಸರಣಿ ಆಡಿದ್ದು ನೆನಪಿದೆ. ಈಗ ಅಂಥ ಸರಣಿ ಯಾಕೆ ನಡೆಯುವುದಿಲ್ಲ? ಏಷ್ಯನ್ ಗೇಮ್ಸ್‌ನಲ್ಲಿ ನಾವು 10–2ರಿಂದ ಗೆದ್ದ ಮೇಲೆ, ಅವರ ಜೊತೆ ಸರಣಿ ಆಡಿ ನಮಗೆ ಸಿಗುವುದಾದರೂ ಏನು? ನನ್ನ ಮಗಳು ಹೈಸ್ಕೂಲ್ ತಂಡದಲ್ಲಿ ಡಿಫೆಂಡರ್. ಅವಳಿಗೆ ಈ ಎರಡು ತಂಡಗಳ ಯಾವ ಪಂದ್ಯ ತೋರಿಸಬೇಕು?

ಉತ್ತರ: ಎರಡೂ ದೇಶಗಳ ನಡುವೆ ಪೂರ್ತಿ ಸರಣಿ ಕೊನೆಯ ಸಲ ನಡೆದಿದ್ದು 2006ರಲ್ಲಿ. ಆರು ಟೆಸ್ಟ್‌ಗಳಲ್ಲಿ (ಹಾಕಿಯಲ್ಲಿ ಟೆಸ್ಟ್ ಅಂದರೆ ಎರಡು ದೇಶಗಳ ನಡುವಿನ ಒಂದು ಪಂದ್ಯ) ಪಾಕಿಸ್ತಾನ ಮೂರು ಗೆದ್ದಿತು, ಭಾರತ ಒಂದು. ಉಳಿದ ಎರಡು ಡ್ರಾ. ನೀವು ನೆನಪಿಸಿಕೊಂಡ 2004ರ ಸರಣಿಯಲ್ಲಿ ನಾಲ್ಕು ಪಂದ್ಯ ಅಲ್ಲಿ, ನಾಲ್ಕು ಇಲ್ಲಿ ನಡೆದವು. ಅದನ್ನೂ ಪಾಕಿಸ್ತಾನವೇ 4–2ರಿಂದ ಗೆದ್ದಿತ್ತು. 2013ರಲ್ಲಿ ಮತ್ತೆ ಆಡುವ ಮಾತುಕತೆ ನಡೆಯಿತು, ಕೈಗೂಡಲಿಲ್ಲ.

ನಿಂತಿದ್ದಕ್ಕೆ ಕಾರಣ ಒಂದೇ ಅಲ್ಲ. ಎಲ್ಲಕ್ಕಿಂತ ದೊಡ್ಡದು ಎಲ್ಲರಿಗೂ ಗೊತ್ತಿರುವುದೇ. ಗಡಿಯಲ್ಲಿ ಏನಾದರೂ ಆದರೆ ಮೊದಲು ನಿಲ್ಲುವುದು ಆಟ. 2013ರ ಜನವರಿಯಲ್ಲಿ ಹಾಕಿ ಇಂಡಿಯಾ ಲೀಗ್‌ನ ಮೊದಲ ಸೀಸನ್ ಆಡಲು ಪಾಕಿಸ್ತಾನದ ಒಂಬತ್ತು ಆಟಗಾರರು ಬಂದಿದ್ದರು. ಗಡಿ ನಿಯಂತ್ರಣ ರೇಖೆಯಲ್ಲಿ ಉದ್ವಿಗ್ನತೆ ಹೆಚ್ಚಿತು, ಒಂಬತ್ತೂ ಜನ ವಾಪಸ್ ಹೋಗಬೇಕಾಯಿತು. 2016ರ ಲಖನೌ ಜೂನಿಯರ್ ವಿಶ್ವಕಪ್‌ಗೂ ಅವರು ಬರಲಾಗಲಿಲ್ಲ, ಆ ಜಾಗದಲ್ಲಿ ಮಲೇಷ್ಯಾ ಆಡಿತು. 2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್ ದಾಳಿ ನಡೆಯಿತು. ಅದೇ ವರ್ಷ ಆಗಸ್ಟ್‌ನಲ್ಲಿ ಭಾರತ ಸರ್ಕಾರ ತನ್ನ ನೀತಿಯನ್ನು ಸ್ಪಷ್ಟವಾಗಿ ಹೇಳಿತು. ಎರಡೇ ದೇಶಗಳ ನಡುವಿನ ಪಂದ್ಯಗಳಿಗೆ ನಮ್ಮ ತಂಡ ಅಲ್ಲಿಗೆ ಹೋಗುವುದಿಲ್ಲ, ಅವರ ತಂಡ ಇಲ್ಲಿಗೆ ಬರುವಂತಿಲ್ಲ. ಹಲವು ದೇಶಗಳು ಆಡುವ ಟೂರ್ನಿಗಳಿಗೆ ಈ ತಡೆ ಇಲ್ಲ. ಈ ನಿರ್ಧಾರದ ಹಿಂದೆ ಜೀವ ಕಳೆದುಕೊಂಡವರ ಮನೆಯವರ ನೋವಿದೆ. ಅದನ್ನು ಹಾಕಿಯ ಲಾಭ ನಷ್ಟದ ತಕ್ಕಡಿಯಲ್ಲಿಟ್ಟು ತೂಗಲು ನಾನು ಹೋಗುವುದಿಲ್ಲ. ನಿಮ್ಮ ಪ್ರಶ್ನೆ ಆಟದ ಬಗ್ಗೆ ಇದೆ, ಉತ್ತರವೂ ಆಟದ ಬಗ್ಗೆಯೇ ಇರಲಿ.

ಎರಡನೇ ಕಾರಣ ಹಾಕಿ ಸಂಸ್ಥೆಗಳ ನಡುವಿನ ಮನಸ್ತಾಪ. 2014ರ ಡಿಸೆಂಬರ್‌ನಲ್ಲಿ ಭುವನೇಶ್ವರದಲ್ಲಿ ಚಾಂಪಿಯನ್ಸ್ ಟ್ರೋಫಿ ನಡೆಯಿತು. ಸೆಮಿಫೈನಲ್‌ನಲ್ಲಿ ಪಾಕಿಸ್ತಾನ 4–3ರಿಂದ ಗೆದ್ದಿತು. ಗೆದ್ದ ಮೇಲೆ ಅವರ ಕೆಲವು ಆಟಗಾರರು ಪ್ರೇಕ್ಷಕರ ಕಡೆ ತಿರುಗಿ ಮಾಡಿದ ಸನ್ನೆಗಳು ಕೆಟ್ಟದಾಗಿದ್ದವು. ಇಬ್ಬರಿಗೆ ಫೈನಲ್ ಆಡಲು ಬಿಡಲಿಲ್ಲ. ಕ್ಷಮೆ ಕೇಳದಿದ್ದರೆ ಸರಣಿಯ ಮಾತೇ ಇಲ್ಲ ಎಂದು ಹಾಕಿ ಇಂಡಿಯಾ ಪಟ್ಟು ಹಿಡಿಯಿತು.

ಮೂರನೇ ಕಾರಣದ ಬಗ್ಗೆ ಯಾರೂ ಜಾಸ್ತಿ ಮಾತಾಡುವುದಿಲ್ಲ. ಈಗ ಹಾಕಿಯಲ್ಲಿ ಇಂಥ ಸರಣಿಗೆ ಜಾಗವೇ ಕಮ್ಮಿ. 2019ರಿಂದ ಪ್ರೊ ಲೀಗ್ ಇದೆ, ಅಂದರೆ ದೇಶಗಳ ತಂಡಗಳೇ ಆಡುವ ಲೀಗ್. ಅದರ ಜೊತೆಗೆ ವಿಶ್ವಕಪ್, ಒಲಿಂಪಿಕ್ಸ್, ಏಷ್ಯನ್ ಗೇಮ್ಸ್, ಏಷ್ಯಾ ಕಪ್. 2020ರಿಂದ ರ‍್ಯಾಂಕಿಂಗ್ ಲೆಕ್ಕವೂ ಬದಲಾಗಿದೆ. ಪ್ರತಿ ಪಂದ್ಯಕ್ಕೂ ಅಂಕ ಕೈ ಬದಲಾಗುತ್ತದೆ. ಆದರೆ ಸಾಮಾನ್ಯ ಟೆಸ್ಟ್‌ಗೆ ಸಿಗುವ ತೂಕ ಒಲಿಂಪಿಕ್ಸ್ ಪಂದ್ಯಕ್ಕಿಂತ ತುಂಬಾ ಕಡಿಮೆ. ಮೇಲಿನ ತಂಡ ಕೆಳಗಿನ ತಂಡವನ್ನು ಸೋಲಿಸಿದರೆ ಸಿಗುವುದು ಚೂರುಪಾರು, ಸೋತರೆ ಹೋಗುವುದು ಜಾಸ್ತಿ. ಹಾಗಾಗಿ ಬರೀ ಅಂಕದ ಲೆಕ್ಕ ನೋಡುವವರಿಗೆ ಪಾಕಿಸ್ತಾನದ ಜೊತೆ ಸರಣಿ ಆಡುವುದು ನಷ್ಟದ ಬಾಬತ್ತಾಗಿ ಕಾಣುತ್ತದೆ. ನಿಮ್ಮ ಎರಡನೇ ಪ್ರಶ್ನೆಯೂ ಇದೇ ಅಲ್ವಾ?

ನನ್ನ ಅಭಿಪ್ರಾಯ ಬೇರೆ. ಸರಣಿ ಅಂದರೆ ಒಂದೇ ಪಂದ್ಯವನ್ನು ಎಂಟು ಸಲ ಆಡುವುದಲ್ಲ. ಅದು ಬೇರೆಯದೇ ಆಟ, ಆಟಗಾರನಿಗೆ ಅದು ಕಲಿಸುವುದೂ ಬೇರೆ. ಒಂಟಿ ಪಂದ್ಯ ಎಷ್ಟೇ ದೊಡ್ಡದಿರಲಿ, ಅದರಿಂದ ಆ ಪಾಠ ಸಿಗುವುದಿಲ್ಲ.

ಮೊದಲಿನಿಂದ ನೋಡೋಣ. ಒಲಿಂಪಿಕ್ಸ್ ಫೈನಲ್‌ನಲ್ಲಿ ಇವೆರಡು ತಂಡಗಳು ಸತತ ಮೂರು ಸಲ ಎದುರಾದವು. 1956ರ ಮೆಲ್ಬರ್ನ್‌ನಲ್ಲಿ ರಣಧೀರ್ ಸಿಂಗ್ ಜೆಂಟಲ್ ಹೊಡೆದ ಗೋಲಿನಿಂದ ಭಾರತ 1–0ಯಿಂದ ಗೆದ್ದಿತು. ನಾಯಕ ಬಲ್ಬೀರ್ ಸಿಂಗ್ ಮುರಿದ ಕೈ ಇಟ್ಟುಕೊಂಡೇ ಆ ಫೈನಲ್ ಆಡಿದರು. 1960ರ ರೋಮ್‌ನಲ್ಲಿ ನಸೀರ್ ಬುಂದಾ ಗೋಲು ಹೊಡೆದರು, ಪಾಕಿಸ್ತಾನ 1–0. ಸತತ ಆರು ಚಿನ್ನ ಗೆದ್ದಿದ್ದ ಭಾರತದ ಓಟ ಅಲ್ಲಿಗೆ ಮುಗಿಯಿತು. 1964ರ ಟೋಕಿಯೊದಲ್ಲಿ ಮೊಹಿಂದರ್ ಲಾಲ್ ಗೋಲಿನಿಂದ ಭಾರತ ಮತ್ತೆ 1–0. ಮೂರು ಫೈನಲ್‌ಗಳಲ್ಲಿ ಬಂದಿದ್ದು ಒಟ್ಟು ಮೂರೇ ಗೋಲು. ಒಂದು ಗೋಲಿಗೆ ಉತ್ತರ ಕೊಡಲು ನಾಲ್ಕು ವರ್ಷ ಕಾಯಬೇಕಿತ್ತು.

ಗೋಲು ಅಷ್ಟು ಕಮ್ಮಿ ಬರುತ್ತಿದ್ದುದಕ್ಕೆ ಒಂದು ಕಾರಣವಿದೆ. ಇಬ್ಬರೂ ಕಲಿತದ್ದು ಒಂದೇ ಗರಡಿಯಲ್ಲಿ. 1936ರ ಬರ್ಲಿನ್‌ನಲ್ಲಿ ಭಾರತಕ್ಕೆ ಚಿನ್ನ ಗೆದ್ದ ತಂಡದಲ್ಲಿದ್ದ ಅಲಿ ದಾರಾ 1948ರಲ್ಲಿ ಪಾಕಿಸ್ತಾನದ ನಾಯಕರಾದರು. ಲತೀಫ್-ಉರ್-ರೆಹಮಾನ್ ಮತ್ತು ಅಖ್ತರ್ ಹುಸೇನ್ 1948ರಲ್ಲಿ ಭಾರತದ ಪರ ಚಿನ್ನ ಗೆದ್ದವರು. 1956ರ ಫೈನಲ್‌ನಲ್ಲಿ ಸೋತು ಬೆಳ್ಳಿ ಪಡೆದ ಪಾಕಿಸ್ತಾನ ತಂಡದಲ್ಲೂ ಈ ಇಬ್ಬರಿದ್ದರು. ಚಿಕ್ಕ ಪಾಸು, ಮಣಿಕಟ್ಟು ತಿರುಗಿಸಿ ಎದುರಾಳಿಯನ್ನು ತಪ್ಪಿಸುವ ಡಾಡ್ಜ್, ಪಕ್ಕದ ವಿಂಗ್‌ನಿಂದ ಒಳಗೆ ನುಗ್ಗುವುದು, ಎಲ್ಲಾ ಇಬ್ಬರಿಗೂ ಗೊತ್ತು. ಎದುರಾಳಿ ಮುಂದೆ ಏನು ಮಾಡುತ್ತಾನೆ ಅಂತ ಡಿಫೆಂಡರ್‌ಗೆ ಮೊದಲೇ ಗೊತ್ತಿದ್ದರೆ ಗೋಲು ಬರುವುದು ಕಷ್ಟ.

ಆದರೂ 1978ರ ತನಕ ಇಬ್ಬರೂ ಸರಣಿ ಆಡಲಿಲ್ಲ. ನಡುವೆ 1965ರ ಯುದ್ಧ, 1971ರ ಯುದ್ಧ. ಮೊದಲ ವಿಶ್ವಕಪ್ ಪಾಕಿಸ್ತಾನದಲ್ಲಿ ನಡೆಯಬೇಕಿತ್ತು, ಈ ಜಗಳದಿಂದಲೇ 1971ರಲ್ಲಿ ಅದು ಬಾರ್ಸಿಲೋನಾಗೆ ಹೋಯಿತು. 1978ರಲ್ಲಿ ಸರಣಿ ಶುರುವಾದ ಮೇಲೆ ಎಂಬತ್ತರ ದಶಕದಲ್ಲಿ, ಆಮೇಲೆ ತೊಂಬತ್ತರ ಕೊನೆಯಲ್ಲಿ ಬಿಟ್ಟು ಬಿಟ್ಟು ನಡೆದವು.

ಸರಣಿ ಏನು ಕಲಿಸುತ್ತದೆ ಅನ್ನುವುದಕ್ಕೆ ಸೊಹೈಲ್ ಅಬ್ಬಾಸ್‌ಗಿಂತ ಒಳ್ಳೆಯ ಉದಾಹರಣೆ ಇಲ್ಲ. ಪಾಕಿಸ್ತಾನದ ಈ ಡ್ರ್ಯಾಗ್ ಫ್ಲಿಕ್ಕರ್ (ಚೆಂಡನ್ನು ಕೋಲಿನಿಂದ ಎಳೆದು ಗೋಲಿಗೆ ಚಿಮ್ಮಿಸುವವನು) ಅಂತರರಾಷ್ಟ್ರೀಯ ಹಾಕಿಗೆ ಕಾಲಿಟ್ಟಿದ್ದೇ 1998ರಲ್ಲಿ, ಭಾರತದ ವಿರುದ್ಧದ ಸರಣಿಯಲ್ಲಿ. ನೆದರ್ಲೆಂಡ್ಸ್‌ನ ಪೌಲ್ ಲಿಟ್ಯೆನ್ಸ್ ಅವರ 267 ಗೋಲುಗಳ ವಿಶ್ವದಾಖಲೆಯನ್ನು ಮುರಿದಿದ್ದೂ ಭಾರತದ ವಿರುದ್ಧವೇ, 2004ರ ಸರಣಿಯಲ್ಲಿ, ಅಮೃತಸರದಲ್ಲಿ. ನಿವೃತ್ತಿಯ ಹೊತ್ತಿಗೆ ಅವರ ಲೆಕ್ಕ 348.

ಅಂಥವನ ಎದುರು ಪೆನಾಲ್ಟಿ ಕಾರ್ನರ್ (ಡಿಫೆಂಡರ್ ತಪ್ಪು ಮಾಡಿದಾಗ ಎದುರಾಳಿ ಗೋಲಿನ ಗೆರೆಯಿಂದ ಚೆಂಡು ತಳ್ಳಿ ಆಡುವ ಅವಕಾಶ) ಕಾಯುವುದು ಹೇಗೆ? ಗೋಲ್‌ಕೀಪರ್ ಬಿಟ್ಟರೆ ನಿಮಗಿರುವುದು ನಾಲ್ಕೇ ಜನ. ಉಳಿದವರು ಮಧ್ಯದ ಗೆರೆಯ ಆಚೆ ನಿಂತಿರುತ್ತಾರೆ. ಚೆಂಡು ಒಳಗೆ ಬಂದ ತಕ್ಷಣ ಮೊದಲ ರನ್ನರ್ ಗೋಲಿನಿಂದ ಹೊರಗೆ ಹಾರಿ ಫ್ಲಿಕ್ಕರ್ ಕಡೆ ಓಡಬೇಕು. ನೇರವಾಗಿ ಓಡಿದರೆ ಚೆಂಡು ಅವನ ಮೈಗೇ ಬೀಳಬಹುದು. ಸ್ವಲ್ಪ ಪಕ್ಕಕ್ಕೆ ಓಡಿದರೆ ಒಂದು ಮೂಲೆ ಮುಚ್ಚುತ್ತದೆ, ಇನ್ನೊಂದು ಮೂಲೆ ಗೋಲ್‌ಕೀಪರ್‌ನ ಪಾಲಾಗುತ್ತದೆ. ಕೋಲು ಬೀಸಿ ಹೊಡೆದ ಮೊದಲ ಹೊಡೆತ ಗೋಲಿನ ಹಲಗೆಯ ಎತ್ತರ ಮೀರುವಂತಿಲ್ಲ, ಅಂದರೆ 46 ಸೆಂಟಿಮೀಟರ್. ಫ್ಲಿಕ್‌ಗೆ ಆ ಮಿತಿ ಇಲ್ಲ. ಅದು ಎಷ್ಟು ಎತ್ತರಕ್ಕೆ ಬೇಕಾದರೂ ಬರಬಹುದು. ಹಾಗಾಗಿ ಯಾವ ಮೂಲೆ ಬಿಡಬೇಕು, ಯಾವುದು ಮುಚ್ಚಬೇಕು ಅನ್ನುವುದು ರನ್ನರ್ ಮತ್ತು ಕೀಪರ್ ಸೇರಿ ಮಾಡುವ ಒಪ್ಪಂದ.

ಟೂರ್ನಿಯಲ್ಲಿ ಈ ಒಪ್ಪಂದವನ್ನು ಪರೀಕ್ಷೆ ಮಾಡಲು ನಿಮಗೆ ಸಿಗುವುದು ಒಂದು ಪಂದ್ಯ. ಮೊದಲ ಎರಡು ಕಾರ್ನರ್‌ಗಳಲ್ಲಿ ಲೆಕ್ಕ ತಪ್ಪಿದರೆ ಪಂದ್ಯವೇ ಹೋಯಿತು. ಸರಣಿಯಲ್ಲಿ ಹಾಗಲ್ಲ. ಮೊದಲ ಟೆಸ್ಟ್‌ನಲ್ಲಿ ಅವನ ಕಾಲಿನ ಹೆಜ್ಜೆ ನೋಡುತ್ತೀರಿ. ಎರಡನೆಯದರಲ್ಲಿ ಓಟದ ಕೋನ ಬದಲಿಸುತ್ತೀರಿ. ಮೂರನೆಯದರಲ್ಲಿ ಅವನು ನಿಮ್ಮ ಬದಲಾವಣೆಗೆ ಉತ್ತರ ಹುಡುಕಿಕೊಂಡು ಬರುತ್ತಾನೆ. ನಾಲ್ಕನೆಯದರಲ್ಲಿ ಅವನು ಫ್ಲಿಕ್ ಮಾಡುವಂತೆ ನಟಿಸಿ ಪಕ್ಕದವನಿಗೆ ಕೊಡುತ್ತಾನೆ. ಇದೆಲ್ಲ ಕೆಲವೇ ವಾರಗಳಲ್ಲಿ ನಡೆಯುತ್ತದೆ, ಅದೇ ಮುಖಗಳ ಎದುರು. ವಿಡಿಯೊ ನೋಡಿ ಅರ್ಧ ಕಲಿಯಬಹುದು. ಗಂಟೆಗೆ ನೂರು ಕಿಲೋಮೀಟರ್ ದಾಟಿ ಬರುವ ಚೆಂಡಿನ ಕಡೆಗೆ ಓಡುವ ಧೈರ್ಯವನ್ನು ವಿಡಿಯೊ ಕಲಿಸುವುದಿಲ್ಲ.

ಡಾಡ್ಜ್ ಮಾಡುವ ಫಾರ್ವರ್ಡ್‌ಗಳ ವಿಷಯದಲ್ಲೂ ಇದೇ ಮಾತು. ಅವರಲ್ಲಿ ಸಮೀವುಲ್ಲಾ, ಹಸನ್ ಸರ್ದಾರ್, ಶಹಬಾಜ್ ಅಹ್ಮದ್. ನಮ್ಮಲ್ಲಿ ಮೊಹಮ್ಮದ್ ಶಾಹಿದ್, ಜಾಫರ್ ಇಕ್ಬಾಲ್, ಧನರಾಜ್ ಪಿಳ್ಳೈ. ಇಂಥವರನ್ನು ತಡೆಯುವುದು ಒಂದೇ ಸಲಕ್ಕೆ ಬರುವ ವಿದ್ಯೆಯಲ್ಲ. ಐದು ಸಲ ಮೋಸ ಹೋದ ಮೇಲೆ ಆರನೇ ಸಲ ಅವನ ಭುಜ ನೋಡುವುದು ಬಿಟ್ಟು ಚೆಂಡು ನೋಡುವುದನ್ನು ಕಲಿಯುತ್ತೀರಿ.

ಒಂಟಿ ಪಂದ್ಯ ಎಷ್ಟು ಕ್ರೂರ ಅಂತ ತಿಳಿಯಬೇಕಾದರೆ 1982ರ ದೆಹಲಿ ಏಷ್ಯನ್ ಗೇಮ್ಸ್ ಫೈನಲ್ ನೆನಪಿಸಿಕೊಳ್ಳಿ. ಪಾಕಿಸ್ತಾನ 7, ಭಾರತ 1. ನಮ್ಮದೇ ನೆಲ, ತುಂಬಿದ ಕ್ರೀಡಾಂಗಣ, ಪ್ರಧಾನಿ ಇಂದಿರಾ ಗಾಂಧಿ ಎದುರಿಗೆ. ಗೋಲ್‌ಕೀಪರ್ ಮೀರ್ ರಂಜನ್ ನೇಗಿಯವರ ಮೇಲೆ ಎಂಥೆಂಥ ಆರೋಪ ಬಂತು! ಇಡೀ ಡಿಫೆನ್ಸ್ ಕುಸಿದಿದ್ದರೂ ಒಬ್ಬರೇ ಅದನ್ನು ವರ್ಷಗಟ್ಟಲೆ ಹೊತ್ತರು. ಈ ಅನ್ಯಾಯ ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಸರಣಿಯಲ್ಲಿ 7–1ರಿಂದ ಸೋತರೆ ಎರಡು ದಿನ ಬಿಟ್ಟು ಮತ್ತೆ ಮೈದಾನಕ್ಕಿಳಿಯುತ್ತೀರಿ. ತಿದ್ದಿಕೊಳ್ಳಲು ಅವಕಾಶ ಇರುತ್ತದೆ. ನೇಗಿಯವರಿಗೆ ಅದು ಸಿಗಲಿಲ್ಲ.

ಒಂದು ಪಂದ್ಯ ನೋಡಿ ಯಾರು ಮೇಲು ಅಂತ ತೀರ್ಮಾನ ಮಾಡುವುದೂ ತಪ್ಪು. 2003ರ ಆಗಸ್ಟ್‌ನಲ್ಲಿ ಆಮ್‌ಸ್ಟೆಲ್‌ವೇನ್‌ನ ಚಾಂಪಿಯನ್ಸ್ ಟ್ರೋಫಿಯಲ್ಲಿ ಭಾರತ 2–4ರಿಂದ ಹಿಂದಿತ್ತು. ಅಲ್ಲಿಂದ ಎದ್ದು 7–4ರಿಂದ ಗೆದ್ದಿತು. ಆ ಪಂದ್ಯ ನೋಡಿದವರು ಇನ್ನು ಪಾಕಿಸ್ತಾನದ ಕಥೆ ಮುಗಿಯಿತು ಅಂದುಕೊಂಡಿರಬೇಕು. ಅದೇ ಟೂರ್ನಿಯಲ್ಲಿ ಕೆಲವೇ ದಿನಗಳಲ್ಲಿ ಮೂರನೇ ಸ್ಥಾನಕ್ಕೆ ಅವರೇ ಮತ್ತೆ ಎದುರಾದರು, ಕಂಚು ಪಾಕಿಸ್ತಾನದ ಪಾಲಾಯಿತು. 2002, 2003, 2004, ಮೂರು ವರ್ಷವೂ ಚಾಂಪಿಯನ್ಸ್ ಟ್ರೋಫಿಯ ಕಂಚಿನ ಪಂದ್ಯದಲ್ಲಿ ನಾವು ಅವರಿಗೇ ಸೋತೆವು.

ಈಗ ನಿಮ್ಮ 10–2ಕ್ಕೆ ಬರುತ್ತೇನೆ. 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಹರ್ಮನ್‌ಪ್ರೀತ್ ಸಿಂಗ್ ಒಬ್ಬರೇ ನಾಲ್ಕು ಗೋಲು ಹೊಡೆದರು. 1982ರ ಗಾಯ ಹೊತ್ತವರಿಗೆ ಅದು ಎಂಥ ಖುಷಿ ಕೊಟ್ಟಿತು ಅಂತ ನನಗೂ ಗೊತ್ತು. 2016ರ ಗುವಾಹಟಿ ದಕ್ಷಿಣ ಏಷ್ಯಾ ಕ್ರೀಡಾಕೂಟದ ಫೈನಲ್‌ನಲ್ಲಿ 1–0ಯಿಂದ ಸೋತ ಮೇಲೆ ಭಾರತ ಅವರಿಗೆ ಸತತವಾಗಿ ವರ್ಷಗಟ್ಟಲೆ ಸೋತಿಲ್ಲ. 2017ರಲ್ಲಿ ಲಂಡನ್‌ನಲ್ಲಿ 7–1, 2023ರಲ್ಲಿ ಚೆನ್ನೈನಲ್ಲಿ 4–0. ಆದರೆ ನಡುವಿನ ಪಂದ್ಯಗಳನ್ನೂ ನೋಡಬೇಕು. 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಗೇಮ್ಸ್‌ನಲ್ಲಿ ಗೆದ್ದೇಬಿಟ್ಟೆವು ಅನ್ನುವಾಗ ಕೊನೆಯ ಕ್ಷಣದ ಪೆನಾಲ್ಟಿ ಕಾರ್ನರ್‌ನಲ್ಲಿ ಗೋಲು ಬಿಟ್ಟು 2–2. 2021ರಲ್ಲಿ ಢಾಕಾದ ಕಂಚಿನ ಪಂದ್ಯ 4–3. 2022ರ ಏಷ್ಯಾ ಕಪ್‌ನಲ್ಲಿ 1–1. 2024ರ ಏಷ್ಯನ್ ಚಾಂಪಿಯನ್ಸ್ ಟ್ರೋಫಿಯಲ್ಲಿ 2–1. ಇವು ಆಟ ಗೊತ್ತಿಲ್ಲದ ತಂಡ ತರುವ ಸ್ಕೋರುಗಳಲ್ಲ.

ಅಂತರ ಹೆಚ್ಚಿರುವುದು ನಿಜ. ಮೂರು ಒಲಿಂಪಿಕ್ ಚಿನ್ನ, ನಾಲ್ಕು ವಿಶ್ವಕಪ್ ಗೆದ್ದ ತಂಡ 2016, 2020, 2024ರ ಒಲಿಂಪಿಕ್ಸ್‌ಗೆ ಅರ್ಹತೆಯೇ ಪಡೆಯಲಿಲ್ಲ. 2014 ಮತ್ತು 2023ರ ವಿಶ್ವಕಪ್‌ಗಳಲ್ಲೂ ಇರಲಿಲ್ಲ. ಆಟಗಾರರಿಗೆ ಕೆಲಸ ಕೊಟ್ಟು ಸಾಕುತ್ತಿದ್ದ ವಿಮಾನಯಾನ, ಕಸ್ಟಮ್ಸ್, ವಿದ್ಯುತ್ ಇಲಾಖೆಗಳ ತಂಡಗಳು ಸೊರಗಿದವು. ಹಣ ಇಲ್ಲದೆ 2019ರ ಪ್ರೊ ಲೀಗ್‌ನಿಂದ ಹೊರಗುಳಿದರು. ನಾವೂ 2008ರ ಬೀಜಿಂಗ್‌ಗೆ ಹೋಗಲಾಗದೆ, 2012ರ ಲಂಡನ್‌ನಲ್ಲಿ ಹನ್ನೆರಡನೇ, ಅಂದರೆ ಕೊನೆಯ ಸ್ಥಾನಕ್ಕೆ ಬಿದ್ದವರೇ. ಅಲ್ಲಿಂದ ಮೇಲೆದ್ದಿದ್ದು ಹಣ, ಒಳ್ಳೆಯ ಕೋಚ್‌ಗಳು, ಒಡಿಶಾ ಸರ್ಕಾರದ ಬೆಂಬಲ ಮತ್ತು ದೊಡ್ಡ ತಂಡಗಳ ವಿರುದ್ಧ ಪದೇ ಪದೇ ಆಡಿದ ಪಂದ್ಯಗಳಿಂದ. ಈ ಕೊನೆಯದು ಅವರಿಗೆ ಸಿಗಲೇ ಇಲ್ಲ.

ಹಾಗಾದರೆ ನಮಗೇನು ಲಾಭ? ಯುರೋಪಿನ ತಂಡಗಳ ಜೊತೆ ಆಡಿದರೆ ಶಿಸ್ತು, ಜಾಗ ಮುಚ್ಚುವುದು, ವೇಗದ ಪಾಸು ಕಲಿಯುತ್ತೇವೆ. ಒಬ್ಬರ ಎದುರು ಒಬ್ಬರು ನಿಂತು, ಚೆಂಡು ಕೋಲಿಗೆ ಅಂಟಿಸಿಕೊಂಡು ಬರುವವನನ್ನು ನಿಭಾಯಿಸುವುದನ್ನು ಅವರು ಅಷ್ಟಾಗಿ ಕಲಿಸುವುದಿಲ್ಲ. ಪಾಕಿಸ್ತಾನದ ತಂಡ ಎಷ್ಟೇ ಕೆಳಗಿದ್ದರೂ ಅಂಥ ಇಬ್ಬರು ಮೂವರು ಹುಡುಗರು ಇದ್ದೇ ಇರುತ್ತಾರೆ. ಇನ್ನೊಂದು, ಒತ್ತಡ. ಈ ಪಂದ್ಯದಲ್ಲಿ ಮೊದಲ ಹತ್ತು ನಿಮಿಷ ಕಾಲು ನಡುಗದ ಹುಡುಗ ಒಲಿಂಪಿಕ್ಸ್ ಕ್ವಾರ್ಟರ್‌ಫೈನಲ್‌ನಲ್ಲೂ ನಡುಗುವುದಿಲ್ಲ. ಆಗೊಮ್ಮೆ ಈಗೊಮ್ಮೆ ಸಿಗುವ ಒಂದು ಪಂದ್ಯದಿಂದ ಇದು ಬರುವುದಿಲ್ಲ. ಆ ಒಂದು ಪಂದ್ಯದಲ್ಲಿ ಎಲ್ಲರೂ ಸೋಲಬಾರದು ಅಂತ ಆಡುತ್ತಾರೆ, ಕಲಿಯಬೇಕು ಅಂತ ಯಾರೂ ಆಡುವುದಿಲ್ಲ.

ಮುಂದೆ ಎಂದಾದರೂ ದಾರಿ ತೆರೆದರೆ ಮೊದಲು 21 ವರ್ಷದೊಳಗಿನ ತಂಡಗಳು ಆಡಲಿ ಅಂತ ನನ್ನ ಆಸೆ. 2025ರ ಅಕ್ಟೋಬರ್‌ನಲ್ಲಿ ಸುಲ್ತಾನ್ ಆಫ್ ಜೊಹೊರ್ ಕಪ್‌ನಲ್ಲಿ ಜೂನಿಯರ್‌ಗಳು ಆಡಿದ ಪಂದ್ಯ 3–3ಕ್ಕೆ ಮುಗಿಯಿತು. ಆ ವಯಸ್ಸಿನಲ್ಲಿ ಇಬ್ಬರ ನಡುವೆ 10–2ರ ಅಂತರವೇನೂ ಇಲ್ಲ.

ಸದ್ಯಕ್ಕೆ ಸರಣಿಗೆ ಹತ್ತಿರದ್ದು ಪ್ರೊ ಲೀಗ್. 2025ರಲ್ಲಿ ನ್ಯೂಜಿಲೆಂಡ್ ತನ್ನ ಜಾಗ ಬೇಡ ಅಂದಿದ್ದರಿಂದ 2025–26ರ ಸೀಸನ್‌ಗೆ ಪಾಕಿಸ್ತಾನಕ್ಕೆ ಅವಕಾಶ ಸಿಕ್ಕಿತು. ಅಲ್ಲಿ ಪ್ರತಿ ಜೋಡಿ ತಂಡ ಎರಡು ಸಲ ಆಡುತ್ತದೆ. ಅದು ಹಲವು ದೇಶಗಳ ಲೀಗ್, ಹಾಗಾಗಿ ಸರ್ಕಾರದ ನೀತಿ ಅಡ್ಡ ಬರುವುದಿಲ್ಲ. ಎಂಟು ಟೆಸ್ಟ್‌ಗೆ ಎರಡು ಪಂದ್ಯ ಸಮ ಅಲ್ಲ. ಆದರೆ ಮೊದಲ ಪಂದ್ಯದಲ್ಲಿ ಆದ ತಪ್ಪನ್ನು ಎರಡನೆಯದರಲ್ಲಿ ತಿದ್ದಿಕೊಳ್ಳುವ ಅವಕಾಶವಾದರೂ ಇರುತ್ತದೆ.

ಇನ್ನು ನಿಮ್ಮ ಮಗಳಿಗೆ. ಮೊದಲು 2014ರ ಇಂಚಿಯಾನ್ ಏಷ್ಯನ್ ಗೇಮ್ಸ್ ಫೈನಲ್ ತೋರಿಸಿ. ಪಾಕಿಸ್ತಾನ ಶುರುವಿನಲ್ಲೇ ಗೋಲು ಹೊಡೆಯಿತು, ಎರಡನೇ ಕ್ವಾರ್ಟರ್‌ನಲ್ಲಿ ಕೊಥಾಜಿತ್ ಸಿಂಗ್ ಸಮ ಮಾಡಿದರು. ಆಮೇಲೆ ಗೋಲೇ ಇಲ್ಲ. ಶೂಟೌಟ್‌ನಲ್ಲಿ ಗೋಲ್‌ಕೀಪರ್ ಶ್ರೀಜೇಶ್ ತಡೆದರು, ಭಾರತ 4–2ರಿಂದ ಗೆದ್ದು ಹದಿನಾರು ವರ್ಷಗಳ ನಂತರ ಚಿನ್ನ ತಂದಿತು. ಎಲ್ಲರೂ ಶೂಟೌಟ್ ಮಾತ್ರ ನೋಡುತ್ತಾರೆ. ಅವಳು ಮೂರನೇ, ನಾಲ್ಕನೇ ಕ್ವಾರ್ಟರ್ ನೋಡಲಿ. ಡಿಫೆಂಡರ್ ವಿ.ಆರ್. ರಘುನಾಥ್ ಯಾವಾಗ ಮುಂದೆ ಬಂದು ಚೆಂಡು ಕಸಿಯಲು ನೋಡುತ್ತಾರೆ, ಯಾವಾಗ ಹಿಂದೆ ಸರಿದು ಕಾಯುತ್ತಾರೆ ಅನ್ನುವುದನ್ನು ಗಮನಿಸಲಿ. ಆ ತಂಡದಲ್ಲಿ ರಘುನಾಥ್, ಎಸ್.ವಿ. ಸುನಿಲ್, ನಿಕಿನ್ ತಿಮ್ಮಯ್ಯ, ಮೂವರೂ ಕೊಡಗಿನವರು. ಎಂ.ಪಿ. ಗಣೇಶ್, ಬಿ.ಪಿ. ಗೋವಿಂದ ಅವರ ಕಾಲದಿಂದ ಪಾಕಿಸ್ತಾನದ ಎದುರು ಆಡುವ ತಂಡದಲ್ಲಿ ಕೊಡಗಿನವರು ಇಲ್ಲದಿದ್ದದ್ದೇ ಅಪರೂಪ.

ಆಮೇಲೆ 1975ರ ಕ್ವಾಲಾಲಂಪುರ ವಿಶ್ವಕಪ್ ಫೈನಲ್‌ನ ತುಣುಕುಗಳು ಸಿಕ್ಕಷ್ಟು ತೋರಿಸಿ. ಒಂದು ಗೋಲಿನಿಂದ ಹಿಂದಿದ್ದ ಭಾರತಕ್ಕೆ ಸಮ ಮಾಡಿಕೊಟ್ಟವರು ಸುರ್ಜಿತ್ ಸಿಂಗ್, ಅದೂ ಪೆನಾಲ್ಟಿ ಕಾರ್ನರ್‌ನಲ್ಲಿ. ಅವರು ಫಾರ್ವರ್ಡ್ ಅಲ್ಲ, ಫುಲ್‌ಬ್ಯಾಕ್. ನಂತರ ಅಶೋಕ್ ಕುಮಾರ್ ಗೋಲಿನಿಂದ 2–1. ಆ ಚೆಂಡು ಒಳಗೆ ತಾಗಿ ವಾಪಸ್ ಪುಟಿದಿತ್ತು. ಪಾಕಿಸ್ತಾನದವರು ಗೋಲಲ್ಲ ಎಂದು ಪ್ರತಿಭಟಿಸಿದರೂ ಅಂಪೈರ್ ಕೊಟ್ಟ ತೀರ್ಪು ಬದಲಾಗಲಿಲ್ಲ.

ಕೊನೆಗೆ ಗೋಲ್ಡ್ ಕೋಸ್ಟ್‌ನ 2–2. ಇದನ್ನು ನಾಲ್ಕನೇ ಕ್ವಾರ್ಟರ್‌ನ ಕೊನೆಯ ಐದು ನಿಮಿಷ ಮಾತ್ರ ನೋಡಿದರೆ ಸಾಕು, ಆದರೆ ಎರಡು ಸಲ ನೋಡಲಿ. ಮೊದಲ ಸಲ ಚೆಂಡು ಎಲ್ಲಿದೆ ಅಂತ. ಎರಡನೇ ಸಲ ಚೆಂಡು ಬಿಟ್ಟು ನಮ್ಮ ಡಿಫೆಂಡರ್‌ಗಳು ಎಲ್ಲಿ ನಿಂತಿದ್ದಾರೆ, ಯಾರು ಯಾರಿಗೆ ಕೂಗಿ ಹೇಳುತ್ತಿದ್ದಾರೆ, ಯಾರು ಸುಮ್ನೆ ನಿಂತಿದ್ದಾರೆ ಅಂತ. ಒಂದು ಗೋಲಿನ ಮುನ್ನಡೆಯನ್ನು ಕೊನೆಯ ನಿಮಿಷದಲ್ಲಿ ಕಾಪಾಡುವಾಗ ಚೆಂಡನ್ನು ಸರ್ಕಲ್‌ನಿಂದ (ಗೋಲಿನ ಮುಂದಿನ ಅರ್ಧವೃತ್ತ) ಯಾವ ದಿಕ್ಕಿಗೆ ಹೊರಗೆ ತಳ್ಳಬೇಕು ಅಂತ ಅವಳನ್ನೇ ಕೇಳಿ. ಉತ್ತರ ಸೈಡ್‌ಲೈನ್ ಕಡೆ ಬಂದರೆ ಅವಳು ಸರಿಯಾಗಿ ನೋಡಿದ್ದಾಳೆ.